ಪೆಟ್ಟಿಗೆ ನಮ್ಮ ಮನೆಯಲ್ಲಿ, ಬೀಗದ ಕೈ ಯಾರದೋ ಜೇಬಿನಲ್ಲಿ

ಹೊಸ ಮನೆಗೆ ಬಾಗಿಲು ಕೂರಿಸಿದ ಬಡಗಿಯು ಬೀಗವನ್ನೂ ತಾನೇ ಹಾಕಿ, ಕೀಲಿಕೈಯನ್ನು ತನ್ನ ಜೇಬಿಗೆ ಸೇರಿಸಿಕೊಂಡು, "ಬೇಕಾದಾಗ ಫೋನ್ ಮಾಡಿ, ಬಂದು ತೆಗೆದುಕೊಡುತ್ತೇನೆ" ಎಂದು ಹೊರಟುಬಿಟ್ಟರೆ ನಾವು ಸುಮ್ಮನಿರುತ್ತೇವೆಯೆ? ಅದೇ ಕೀಲಿಕೈ ಊರಿನ ಅರ್ಧದಷ್ಟು ಮನೆಗಳ ಬೀಗಕ್ಕೂ ಹೊಂದುತ್ತದೆಂದು ತಿಳಿದರಂತೂ ಆ ಬಡಗಿಯ ಪಾಡು ಏನಾದೀತೆಂದು ಹೇಳಬೇಕಾಗಿಲ್ಲ. ಆದರೆ ನಮ್ಮ ಮನೆಗಳ ಗೋಡೆಯ ಮೇಲೆ ಹಸಿರು ದೀಪಗಳನ್ನು ಮಿನುಗಿಸುತ್ತ ಕುಳಿತಿರುವ ವೈ-ಫೈ ಪೆಟ್ಟಿಗೆಯ ವಿಷಯದಲ್ಲಿ ನಾವೆಲ್ಲರೂ ಇದನ್ನು ತಲೆಬಾಗಿ ಒಪ್ಪಿಕೊಂಡಿದ್ದೇವೆ. ತಿಂಗಳು ತಿಂಗಳು ಹಣ ಕಟ್ಟುವವರು ನಾವು, ಪೆಟ್ಟಿಗೆಗೆ ವಿದ್ಯುತ್ ಒದಗಿಸುವವರು ನಾವು, ಅದರಿಂದ ಏನಾದರೂ ಅನಾಹುತವಾದರೆ ಠಾಣೆಯ ಮೆಟ್ಟಿಲು ಹತ್ತಬೇಕಾದವರೂ ನಾವು. ಅದರ ಒಡೆತನ ಮಾತ್ರ ನಮ್ಮದಲ್ಲ. ಇದು ನನ್ನ ತಕರಾರು. ಇದನ್ನು ತಾಂತ್ರಿಕರಿಗೆ ಬಿಟ್ಟ ವಿಷಯವೆಂದು ಬದಿಗಿಡಲು ನಾನು ಸಿದ್ಧನಿಲ್ಲ.

ಈ ಪೆಟ್ಟಿಗೆಗೆ ಎರಡು ಪಾಸ್‌ವರ್ಡುಗಳಿವೆ ಎಂಬುದೇ ಬಹುಮಂದಿಗೆ ತಿಳಿಯದು. ಮೊದಲನೆಯದು ವೈ-ಫೈ ಪಾಸ್‌ವರ್ಡು. ಮನೆಗೆ ಬಂದ ನೆಂಟರ ಮಕ್ಕಳು ಚಪ್ಪಲಿ ಬಿಡುವ ಮೊದಲೇ ಕೇಳುವುದು ಇದನ್ನು. ಎರಡನೆಯದು ಪೆಟ್ಟಿಗೆಯ ಒಳಾಡಳಿತದ ಪಾಸ್‌ವರ್ಡು. ಮೊಬೈಲಿನಲ್ಲೋ ಗಣಕಯಂತ್ರದಲ್ಲೋ ಬ್ರೌಸರನ್ನು ತೆರೆದು, ವಿಳಾಸ ಬರೆಯುವ ಜಾಗದಲ್ಲಿ 192.168.1.1 ಎಂದೋ 192.168.0.1 ಎಂದೋ ಬರೆದರೆ (ಸರಿಯಾದ ಸಂಖ್ಯೆ ಸಾಮಾನ್ಯವಾಗಿ ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ) ಒಂದು ಪುಟ ತೆರೆದುಕೊಂಡು ಹೆಸರನ್ನೂ ಪಾಸ್‌ವರ್ಡನ್ನೂ ಕೇಳುತ್ತದೆ. ಆ ಪುಟ ಹೊರಗಿನ ಅಂತರಜಾಲದ್ದಲ್ಲ, ಪೆಟ್ಟಿಗೆಯೊಳಗೇ ವಾಸವಾಗಿರುವಂಥದು. ನಮ್ಮ ಜಾಲದ ಹೆಸರೇನು, ಯಾವ ಗೂಢಲಿಪಿಯಲ್ಲಿ ಮಾತುಕತೆ ನಡೆಯಬೇಕು, ಯಾರು ಯಾರು ಈಗ ಒಳಗಿದ್ದಾರೆ, ಅತಿಥಿಗಳಿಗೆ ಬೇರೆ ಬಾಗಿಲು ಬೇಕೆ, ಹೊರಗಿನವರು ದೂರದಿಂದ ಈ ಪೆಟ್ಟಿಗೆಯನ್ನು ನಿಯಂತ್ರಿಸಬಹುದೆ ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಅಂತರಜಾಲದಲ್ಲಿ ಯಾವ ಹೆಸರನ್ನು ಯಾವ ವಿಳಾಸಕ್ಕೆ ಕಳುಹಿಸಬೇಕೆಂಬುದನ್ನು ಕೂಡ ಅಲ್ಲಿ ಬದಲಿಸಬಹುದು. ಅಂದರೆ, ನೀವು ಬ್ಯಾಂಕಿನ ಹೆಸರು ಬರೆದಾಗ ಎಲ್ಲಿಗೆ ಹೋಗಿ ಸೇರಬೇಕೆಂದು ಹೇಳುವ ದಾರಿತೋರುಕನನ್ನು ನೇಮಿಸುವ ಅಧಿಕಾರ ಆ ಪುಟಕ್ಕಿದೆ.

ಈ ಎರಡನೆಯ ಕೀಲಿಕೈಯನ್ನೇ ನಮಗೆ ಕೊಡುವುದಿಲ್ಲ.

ಕಳೆದ ವರ್ಷ ನಮ್ಮ ಮನೆಗೆ ಫೈಬರ್ ಸಂಪರ್ಕ ಕೊಡಲು ಬಂದ ಹುಡುಗ ಇಪ್ಪತ್ತು ನಿಮಿಷಗಳಲ್ಲಿ ಕೆಲಸ ಮುಗಿಸಿದ. ಚುರುಕಾದ, ವಿನಯವಂತ ಹುಡುಗ. ಅವನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ದಿನಕ್ಕೆ ಎಷ್ಟು ಮನೆ ಮುಗಿಸಿದನೋ ಅಷ್ಟಕ್ಕೆ ಅವನ ಸಂಬಳ. ನನ್ನನ್ನು ಕೇಳದೆಯೇ ವೈ-ಫೈ ಪಾಸ್‌ವರ್ಡಿಗೆ ನನ್ನ ಮೊಬೈಲ್ ಸಂಖ್ಯೆಯನ್ನು ಹಾಕಿದ್ದ. "ಒಳಗಿನ ಪುಟದ ಪಾಸ್‌ವರ್ಡ್ ಏನಪ್ಪಾ?" ಎಂದು ಕೇಳಿದೆ. "ಅದು ಕಂಪನಿಯೋರ್ದು ಸಾರ್, ಕಸ್ಟಮರ್‌ಗೆ ಕೊಡಂಗಿಲ್ಲ. ಏನಾದ್ರು ಪ್ರಾಬ್ಲಂ ಆದ್ರೆ ಒಂದ್ ಫೋನ್ ಮಾಡಿ, ಬಂದ್ಬಿಡ್ತೀನಿ" ಎಂದ. ಕಂಪನಿಗೆ ಪತ್ರ ಬರೆದೆ. ಉತ್ತರ ಬಂತು: ಭದ್ರತೆಯ ಕಾರಣಗಳಿಂದಾಗಿ ಗ್ರಾಹಕರಿಗೆ ಆ ಮಾಹಿತಿಯನ್ನು ನೀಡಲಾಗುವುದಿಲ್ಲ. ಯಾರ ಭದ್ರತೆ, ಯಾರಿಂದ ಭದ್ರತೆ ಎಂದು ಮರುಪತ್ರದಲ್ಲಿ ವಿಚಾರಿಸಿದೆ. ಅದಕ್ಕೆ ಉತ್ತರವಿಲ್ಲ. ಇಷ್ಟಕ್ಕೂ ಆ ಮಹಾರಹಸ್ಯ ಏನಾಗಿತ್ತು? ಪಕ್ಕದ ಮನೆಯವರ ಅಪ್ಪಣೆ ಪಡೆದು, ಅವರ ಮುಂದೆಯೇ ಕುಳಿತು, ಅದೇ ಕಂಪನಿಯ ಅದೇ ಮಾದರಿಯ ಅವರ ಪೆಟ್ಟಿಗೆಯಲ್ಲಿ ಹೆಸರಿಗೆ 'ಅಡ್ಮಿನ್', ಪಾಸ್‌ವರ್ಡಿಗೂ 'ಅಡ್ಮಿನ್' ಎಂದು ಬರೆದೆವು. ಬಾಗಿಲು ತೆರೆಯಿತು. ನನ್ನ ಪೆಟ್ಟಿಗೆಯೂ ಹಾಗೆಯೇ ತೆರೆಯಿತು. ಮನೆಯ ಯಜಮಾನನಿಂದ ಭದ್ರತೆಯ ಹೆಸರಿನಲ್ಲಿ ಮುಚ್ಚಿಟ್ಟದ್ದು ಜಗತ್ತಿನ ಪ್ರತಿಯೊಬ್ಬ ಕಳ್ಳನಿಗೂ ಗೊತ್ತಿರುವ ಆ ಒಂದು ಶಬ್ದವನ್ನು!

ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವೊಂದು ಹರಡಿತು. ಅದರ ಬುದ್ಧಿವಂತಿಕೆ ಏನೂ ದೊಡ್ಡದಲ್ಲ. ಕಾರ್ಖಾನೆಯಿಂದ ಬರುವಾಗ ಇರುವಂಥ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡುಗಳ ಒಂದು ಪಟ್ಟಿ ಅದರ ಬಳಿ ಇತ್ತು. ಕ್ಯಾಮೆರಾಗಳು, ರೂಟರುಗಳು ಇವುಗಳ ಬಾಗಿಲಿಗೆ ಹೋಗಿ ಒಂದೊಂದನ್ನೇ ಹೇಳಿ ನೋಡುತ್ತಿತ್ತು, ಅಷ್ಟೆ. ಹಾಗೆ ಒಳಹೊಕ್ಕು ವಶಮಾಡಿಕೊಂಡ ಯಂತ್ರಗಳ ಸೈನ್ಯವನ್ನು ಕಟ್ಟಿಕೊಂಡು ಅದೇ ವರ್ಷದ ಅಕ್ಟೋಬರ್ 21ರಂದು ಅಮೆರಿಕೆಯ ಡಿನ್ ಎಂಬ ಸಂಸ್ಥೆಯ ಮೇಲೆ ದಾಳಿ ನಡೆದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ದೈತ್ಯರೇ ಗಂಟೆಗಟ್ಟಲೆ ತತ್ತರಿಸಿದರು. ಮರುತಿಂಗಳು ಜರ್ಮನಿಯಲ್ಲಿ, ಕಂಪನಿಯು ದೂರದಿಂದ ನಿರ್ವಹಿಸುವ ಅನುಕೂಲಕ್ಕೆಂದು ತೆರೆದಿಟ್ಟ ಬಾಗಿಲನ್ನೇ ಹುಡುಕಿ ತಟ್ಟಿದ ದಾಳಿಯಿಂದ ಡಾಯ್ಚ ಟೆಲಿಕಾಮ್‌ನ ಸುಮಾರು ಒಂಬತ್ತು ಲಕ್ಷ ಗ್ರಾಹಕರ ಸಂಪರ್ಕ ಕುಸಿಯಿತು. ದೂರದ ಮಾತು ಏಕೆ? 2017ರ ಜುಲೈನಲ್ಲಿ ನಮ್ಮ ಕರ್ನಾಟಕದಲ್ಲಿಯೇ ಬಿ.ಎಸ್.ಎನ್.ಎಲ್. ಗ್ರಾಹಕರ ಮೋಡೆಮ್‌ಗಳು ಇಂಥದೇ ದಾಳಿಗೆ ಸಿಕ್ಕಿ ನಿಷ್ಕ್ರಿಯವಾದವು. ಸಿಕ್ಕಿಬಿದ್ದದ್ದು ಮೂಲ ಪಾಸ್‌ವರ್ಡನ್ನು ಬದಲಿಸದೆ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಆಗ ಸಂಸ್ಥೆಯೇ ಮುಂದೆ ಬಂದು, ದಯವಿಟ್ಟು ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಗ್ರಾಹಕರನ್ನು ಕೇಳಿಕೊಂಡಿತು. ಇರುವುದೇ ಗೊತ್ತಿಲ್ಲದ ಬೀಗವನ್ನು ಬದಲಿಸುವುದು ಹೇಗೆ ಎಂದು ಆ ಗ್ರಾಹಕರು ಕೇಳಿದ್ದರೆ ತಪ್ಪೇನಿತ್ತು?

ಇನ್ನು ಮೊಬೈಲ್ ಸಂಖ್ಯೆಯನ್ನೇ ವೈ-ಫೈ ಪಾಸ್‌ವರ್ಡಾಗಿ ಇಡುವ ಪದ್ಧತಿ. ನಮ್ಮ ಬೀದಿಯಲ್ಲಿ ವಿಚಾರಿಸಿದಷ್ಟು ಮನೆಗಳಲ್ಲಿ ಮುಕ್ಕಾಲು ಪಾಲು ಹೀಗೆಯೇ. ಹತ್ತು ಅಂಕಿಗಳಿವೆಯಲ್ಲ, ಯಾರು ತಾನೆ ಊಹಿಸಿಯಾರು ಎಂಬ ಧೈರ್ಯ. ಮೂವತ್ತು ವರ್ಷ ಗಣಿತ ಬೋಧಿಸಿದವನಾದ್ದರಿಂದ ಈ ಲೆಕ್ಕವನ್ನು ಮಾಡದೆ ಬಿಡಲಾರೆ. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು 6, 7, 8, 9 ಈ ನಾಲ್ಕರಲ್ಲಿ ಒಂದರಿಂದ ಆರಂಭವಾಗುತ್ತವೆ. ಉಳಿದ ಒಂಬತ್ತು ಸ್ಥಾನಗಳಲ್ಲಿ ಯಾವ ಅಂಕಿಯಾದರೂ ಇರಬಹುದು. ಅಲ್ಲಿಗೆ ಒಟ್ಟು ಸಾಧ್ಯತೆಗಳು 400 ಕೋಟಿ. ಕಿವಿಗೆ ದೊಡ್ಡ ಸಂಖ್ಯೆಯೇ. ಆದರೆ ಕಳ್ಳನು ನಿಮ್ಮ ಬಾಗಿಲ ಮುಂದೆ ನಿಂತು 400 ಕೋಟಿ ಸಲ ಪ್ರಯತ್ನಿಸುವುದಿಲ್ಲ. ನಿಮ್ಮ ಮೊಬೈಲು ಪೆಟ್ಟಿಗೆಯ ಜೊತೆ ಸೇರುವಾಗ ಅವೆರಡರ ನಡುವೆ ಕ್ಷಣಮಾತ್ರ ನಡೆಯುವ ಕೈಕುಲುಕಾಟವನ್ನು ಬೀದಿಯಿಂದಲೇ ಹಿಡಿದುಕೊಂಡು ತನ್ನ ಮನೆಗೆ ಹೋಗುತ್ತಾನೆ. ಅಲ್ಲಿ ನಿಧಾನವಾಗಿ ಒಂದೊಂದೇ ಸಂಖ್ಯೆಯನ್ನು ಅದಕ್ಕೆ ತಾಳೆ ನೋಡುತ್ತಾನೆ. ನಿಮ್ಮ ಪೆಟ್ಟಿಗೆಗೆ ಇದರ ಸುಳಿವೂ ಇರುವುದಿಲ್ಲ. ಹುಡುಗರು ಆಟವಾಡಲು ಕೊಳ್ಳುವ ಉತ್ತಮ ದರ್ಜೆಯ ಒಂದು ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ಹತ್ತು ಲಕ್ಷ ಸಲ ಹೀಗೆ ತಾಳೆ ನೋಡಬಲ್ಲದು. 400 ಕೋಟಿಯನ್ನು ಹತ್ತು ಲಕ್ಷದಿಂದ ಭಾಗಿಸಿ: 4,000 ಸೆಕೆಂಡುಗಳು. ಒಂದು ಗಂಟೆ ಆರು ನಿಮಿಷ ನಲವತ್ತು ಸೆಕೆಂಡು! ಅದೂ ಎಲ್ಲ ಸಾಧ್ಯತೆಗಳನ್ನೂ ಮುಗಿಸಲು. ಬುದ್ಧಿಯಿರುವ ಕಳ್ಳನಾದರೆ ಇಷ್ಟೂ ಶ್ರಮಪಡಬೇಕಾಗಿಲ್ಲ. ನಿಮ್ಮ ಸಂಖ್ಯೆಯು ಮಗಳ ಮದುವೆಯ ಕರೆಯೋಲೆಯಲ್ಲಿದೆ, ಗೇಟಿಗೆ ತೂಗುಹಾಕಿದ 'ಮನೆ ಬಾಡಿಗೆಗಿದೆ' ಫಲಕದಲ್ಲಿದೆ.

ಇಸ್ರೇಲಿನಲ್ಲಿ ಇದನ್ನು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಸೈಬರ್‌ಆರ್ಕ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರೊಬ್ಬರು ಟೆಲ್ ಅವಿವ್ ನಗರದಲ್ಲಿ ಸುತ್ತಾಡಿ 5,000 ವೈ-ಫೈ ಜಾಲಗಳ ಮಾದರಿ ಸಂಗ್ರಹಿಸಿದರು. ಅವುಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತರಷ್ಟರ ಪಾಸ್‌ವರ್ಡನ್ನು ಒಡೆದು, 2021ರಲ್ಲಿ ಆ ವಿವರಗಳನ್ನು ಪ್ರಕಟಿಸಿದರು. ಅಲ್ಲಿಯ ಜನರೂ ಮೊಬೈಲ್ ಸಂಖ್ಯೆಗಳನ್ನೇ ಇಟ್ಟುಕೊಂಡಿದ್ದುದು ಅದಕ್ಕೆ ಮುಖ್ಯ ಕಾರಣ.

"ಒಡೆದರೆ ಒಡೆಯಲಿ ಬಿಡಿ, ನಮ್ಮಂಥವರ ಮನೆಯಲ್ಲಿ ಕದಿಯುವುದಕ್ಕೆ ಏನಿದೆ?" ಎನ್ನುವವರು ಇದ್ದಾರೆ. ವಾಯುವಿಹಾರದ ಗೆಳೆಯರಿಂದ ನಾನು ಅತಿಹೆಚ್ಚು ಸಲ ಕೇಳಿದ ಮಾತು ಇದು. ಕಳ್ಳನಿಗೆ ನಿಮ್ಮ ಮನೆಯ ಸಾಮಾನು ಬೇಡ, ನಿಮ್ಮ ವಿಳಾಸ ಬೇಕು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷಗಳ ಮೊದಲು ಮಾಧ್ಯಮ ಸಂಸ್ಥೆಗಳಿಗೆ ಬಂದ ಬೆದರಿಕೆಯ ಮಿಂಚಂಚೆಯ ಜಾಡು ಹಿಡಿದು ಹೊರಟ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಅಮೆರಿಕನ್ ಪ್ರಜೆಯೊಬ್ಬನ ಮನೆಗೆ. ಯಾರೋ ಆತನ ವೈ-ಫೈ ಮೂಲಕ ಅದನ್ನು ಕಳುಹಿಸಿದ್ದರು. ಮರುವರ್ಷ ದೂರಸಂಪರ್ಕ ಇಲಾಖೆಯು ವೈ-ಫೈ ಭದ್ರತೆಯ ಕುರಿತು ಸೇವಾದಾತರಿಗೆ ಸೂಚನೆಗಳನ್ನು ಹೊರಡಿಸಿತು.

ನಮ್ಮ ಬೀದಿಯಲ್ಲೇ ಆದದ್ದನ್ನು ಹೇಳುತ್ತೇನೆ. ಅಂಚೆ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಇಲ್ಲಿದ್ದಾರೆ. ನನಗಿಂತ ನಾಲ್ಕು ವರ್ಷ ದೊಡ್ಡವರು. ಒಂದು ಬೆಳಿಗ್ಗೆ ಅವರನ್ನು ಠಾಣೆಗೆ ಕರೆದರು. ಯಾವುದೋ ಹೆಣ್ಣುಮಗಳಿಗೆ ಅಸಹ್ಯವಾದ ಸಂದೇಶಗಳು ಹೋಗಿದ್ದವು, ಸಂಪರ್ಕ ಇವರ ಹೆಸರಿನಲ್ಲಿತ್ತು. ಎರಡು ದಿನ ಅವರು ಠಾಣೆಯ ಬೆಂಚಿನ ಮೇಲೆ ಕುಳಿತರು. ಮನೆಯಲ್ಲಿದ್ದ ಒಂದೇ ಮೊಬೈಲನ್ನು ಪರೀಕ್ಷೆಗೆಂದು ಮೂರು ವಾರ ಇಟ್ಟುಕೊಂಡರು. ಕೊನೆಗೆ ತಿಳಿದದ್ದಿಷ್ಟು: ಅವರ ಮಹಡಿಯ ಮೇಲೆ ಬಾಡಿಗೆಗಿದ್ದ ಹುಡುಗನೊಬ್ಬ ಎರಡು ವರ್ಷಗಳ ಹಿಂದೆ ಮನೆ ಖಾಲಿ ಮಾಡಿ ಹಿಂದಿನ ರಸ್ತೆಗೆ ಹೋಗಿದ್ದ. ಹಿಂದಿನ ರಸ್ತೆಯ ಆ ಕೋಣೆಗೂ ಇವರ ಮನೆಯ ವೈ-ಫೈ ತಲುಪುತ್ತಿತ್ತು. ಪಾಸ್‌ವರ್ಡು ಇವರ ಮೊಬೈಲ್ ಸಂಖ್ಯೆ. ಅದನ್ನು ಬದಲಿಸಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಬದಲಿಸುವ ಪುಟದ ಕೀಲಿಕೈ ಅವರ ಬಳಿ ಇರಲಿಲ್ಲ. ಇಷ್ಟೆಲ್ಲ ಆದಮೇಲೆ ಬದಲಿಸಿಕೊಡಿ ಎಂದು ಕಂಪನಿಗೆ ಫೋನು ಮಾಡಿದರೆ ಆಳು ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಅವರು ಪೆಟ್ಟಿಗೆಯ ಸ್ವಿಚ್ಚನ್ನು ಆರಿಸಿ, ಅದರ ಮುಂದೆ ಕಾವಲುಗಾರನಂತೆ ಕುಳಿತಿದ್ದರು. "ಮೇಷ್ಟ್ರೇ, ಮೂವತ್ತೆಂಟು ವರ್ಷ ಊರಿನವರ ಕಾಗದಗಳನ್ನು ಒಡೆಯದೆ ತಲುಪಿಸಿದ್ದೇನೆ. ಈಗ ನನ್ನ ಹೆಸರಿನಲ್ಲಿ ಇಂಥ ಕಾಗದ ಹೋಯಿತಲ್ಲ" ಎಂದರು. ಕದಿಯಲು ಏನಿದೆ ಎಂದು ಕೇಳುವವರು ಅವರ ಎದುರು ನಿಂತು ಆ ಪ್ರಶ್ನೆಯನ್ನು ಕೇಳಲಿ.

ಕಂಪನಿಯವರ ವಾದವೊಂದಿದೆ, ಅದನ್ನೂ ನ್ಯಾಯವಾಗಿ ನೋಡೋಣ. ಗ್ರಾಹಕರ ಕೈಗೆ ಈ ಪುಟವನ್ನು ಕೊಟ್ಟರೆ ಏನೇನನ್ನೋ ಒತ್ತಿ ಕೆಡಿಸುತ್ತಾರೆ, ಆಮೇಲೆ ನಮಗೇ ದೂರು ಕೊಡುತ್ತಾರೆ ಎಂಬುದು ಆ ವಾದ. ಪೂರ್ತಿ ಸುಳ್ಳಲ್ಲ. ಆ ಪುಟದಲ್ಲಿ ಕಂಪನಿಯ ಜಾಲಕ್ಕೆ ಸೇರಿಸುವ ವಿವರಗಳೂ ಇರುತ್ತವೆ. ಅವು ಅಳಿಸಿಹೋದರೆ ಸಂಪರ್ಕವೇ ನಿಲ್ಲುತ್ತದೆ. ಪೆಟ್ಟಿಗೆಯ ಹಿಂದಿನ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ಕಾರ್ಖಾನೆಯ ಸ್ಥಿತಿಗೆ ಮರಳಿಸಿದರೂ ಕೆಲವೊಮ್ಮೆ ಇದೇ ಗತಿ. ಹಾಗಾದರೆ ಆ ಭಾಗವನ್ನು ಮಾತ್ರ ಮುಚ್ಚಿಟ್ಟು ಉಳಿದದ್ದನ್ನು ತೆರೆದಿಡಬಹುದಲ್ಲ? ಎಷ್ಟೋ ಪೆಟ್ಟಿಗೆಗಳಲ್ಲಿ ಮನೆಯವರಿಗೆ ಒಂದು, ಕಂಪನಿಗೆ ಒಂದು ಎಂದು ಎರಡು ಪ್ರವೇಶಗಳಿರುತ್ತವೆ. ವ್ಯವಸ್ಥೆ ಇದೆ, ಅದನ್ನು ಒಂದು ಚೀಟಿಯಲ್ಲಿ ಬರೆದುಕೊಡುವ ಮನಸ್ಸಿಲ್ಲ. ಅಡುಗೆ ಅನಿಲದ ಸಿಲಿಂಡರು ಇದಕ್ಕಿಂತ ಸಾವಿರ ಪಾಲು ಅಪಾಯಕಾರಿ. ಅದನ್ನು ಮನೆಮನೆಗೆ ಕೊಟ್ಟವರು, ರೆಗ್ಯುಲೇಟರನ್ನು ಹೇಗೆ ತಿರುಗಿಸಬೇಕೆಂದು ಗೃಹಿಣಿಯರಿಗೆ ಕಲಿಸಿಕೊಟ್ಟರು. ನಿಮಗೆ ತಿಳಿಯುವುದಿಲ್ಲ, ನಾವೇ ದಿನಾ ಬಂದು ಒಲೆ ಹಚ್ಚಿಕೊಡುತ್ತೇವೆ ಎನ್ನಲಿಲ್ಲ. ಕಲಿಸಲಾರದವನು ವಿದ್ಯಾರ್ಥಿಯನ್ನು ದಡ್ಡನೆಂದು ಕರೆಯುವುದನ್ನು ನನ್ನ ವೃತ್ತಿಯಲ್ಲಿ ಸಾಕಷ್ಟು ಕಂಡಿದ್ದೇನೆ.

ಆ ಪುಟದಲ್ಲಿ ಒಬ್ಬ ಸಾಮಾನ್ಯ ಗೃಹಸ್ಥನು ಮಾಡಬೇಕಾದದ್ದು ಅಷ್ಟು ಕಠಿಣವೂ ಅಲ್ಲ. ಮೊದಲು ಒಳಾಡಳಿತದ ಪಾಸ್‌ವರ್ಡನ್ನು ಬದಲಿಸಿ, ಬರೆದಿಟ್ಟುಕೊಳ್ಳಬೇಕು. ಕಾಗದದ ಮೇಲೆ ಬರೆಯಬಾರದೆನ್ನುವ ಪಂಡಿತರ ಮಾತನ್ನು ಕೇಳಬೇಡಿ. ನಿಮ್ಮ ಬೀರುವಿನೊಳಗಿನ ಕಾಗದವನ್ನು ಬೀದಿಯ ಕಳ್ಳ ಓದಲಾರ. ಆಮೇಲೆ ಗೂಢಲಿಪಿಯ ಆಯ್ಕೆ. 1997ರ ಡಬ್ಲ್ಯು.ಇ.ಪಿ. ಎಂಬುದನ್ನು 2001ರಲ್ಲೇ ಒಡೆದಾಗಿದೆ; ಎಲ್ಲಾದರೂ ಉಳಿದಿದ್ದರೆ ತೆಗೆದುಹಾಕಿ. 2004ರಲ್ಲಿ ಬಂದ ಡಬ್ಲ್ಯು.ಪಿ.ಎ.2 ಇರಲಿ, ಪೆಟ್ಟಿಗೆಯೂ ಮೊಬೈಲುಗಳೂ ಒಪ್ಪುವುದಾದರೆ 2018ರಲ್ಲಿ ಬಂದ ಡಬ್ಲ್ಯು.ಪಿ.ಎ.3 ಇನ್ನೂ ಮೇಲು, ಬೀದಿಯಿಂದ ಹಿಡಿದುಕೊಂಡು ಹೋಗಿ ಮನೆಯಲ್ಲಿ ತಾಳೆ ನೋಡುವ ಆಟ ಅದರ ಮುಂದೆ ನಡೆಯದು. ಡಬ್ಲ್ಯು.ಪಿ.ಎಸ್. ಎಂಬ, ಗುಂಡಿಯೊತ್ತಿಯೋ ಎಂಟಂಕಿಯ ಪಿನ್ ಹೇಳಿಯೋ ಒಳಸೇರುವ ಸೌಕರ್ಯವನ್ನು ಆರಿಸಿಬಿಡಿ. ಇದರ ಕಥೆ ಗಣಿತದ ಮೇಷ್ಟ್ರಿಗೆ ಬಹಳ ಹಿಡಿಸುವಂಥದು. ಎಂಟನೆಯ ಅಂಕಿ ಮೊದಲ ಏಳರಿಂದಲೇ ಲೆಕ್ಕಹಾಕಿ ಬರುವ ತಾಳೆಯ ಅಂಕಿ. ಹಾಗಾಗಿ ಒಂದು ಕೋಟಿ ಸಾಧ್ಯತೆಗಳಿರಬೇಕಿತ್ತು. ಆದರೆ ಪೆಟ್ಟಿಗೆಯು ಮೊದಲ ನಾಲ್ಕು ಅಂಕಿಗಳು ಸರಿಯೋ ತಪ್ಪೋ ಎಂಬುದನ್ನು ಬೇರೆಯಾಗಿಯೇ ಹೇಳಿಬಿಡುತ್ತಿತ್ತು! ಅಲ್ಲಿಗೆ ಮೊದಲರ್ಧಕ್ಕೆ ಹತ್ತು ಸಾವಿರ, ಉಳಿದ ಮೂರಂಕಿಗೆ ಒಂದು ಸಾವಿರ. ಗುಣಿಸಬೇಕಾದದ್ದನ್ನು ಕೂಡಿದಂತಾಗಿ ಒಂದು ಕೋಟಿಯು ಹನ್ನೊಂದು ಸಾವಿರಕ್ಕೆ ಇಳಿಯಿತು. 2011ರ ಡಿಸೆಂಬರಿನಲ್ಲಿ ಸ್ಟೆಫಾನ್ ಫೀಬ್ಯೋಕ್ ಎಂಬವರು ಇದನ್ನು ಬಯಲು ಮಾಡಿದರು. ಹಲವು ತಪ್ಪು ಪ್ರಯತ್ನಗಳಾದ ಮೇಲೆ ಬಾಗಿಲು ಹಾಕಿಕೊಳ್ಳುವ ಪೆಟ್ಟಿಗೆಗಳು ಆಮೇಲೆ ಬಂದಿವೆ, ನಿಜ. ನಿಮ್ಮದು ಅಂಥದೇ ಎಂದು ನಿಮಗೆ ಯಾರು ಹೇಳಿದ್ದಾರೆ?

ಜಾಲದ ಹೆಸರನ್ನು ಬಚ್ಚಿಡುವುದು, ಒಂದೊಂದು ಮೊಬೈಲಿನ ಯಂತ್ರಸಂಖ್ಯೆಯನ್ನು ಪಟ್ಟಿಮಾಡಿ ಉಳಿದವರನ್ನು ತಡೆಯುವುದು, ಇವೆಲ್ಲ ಕಾಲಹರಣ. ಹೆಸರೂ ಯಂತ್ರಸಂಖ್ಯೆಯೂ ಗಾಳಿಯಲ್ಲಿ ಬಹಿರಂಗವಾಗಿಯೇ ಓಡಾಡುತ್ತವೆ. ಪಾಸ್‌ವರ್ಡು ಗಟ್ಟಿಯಾಗಿರಬೇಕು, ಅಷ್ಟೆ. ಎಂಟರಿಂದ 63 ಅಕ್ಷರಗಳವರೆಗೆ ಅವಕಾಶವಿದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು, ಅಜ್ಜಿಯ ಬಾಯಲ್ಲಿ ಕೇಳಿದಂಥವನ್ನು, ಇಂಗ್ಲಿಷ್ ಲಿಪಿಯಲ್ಲಿ ಒಂದರ ಪಕ್ಕ ಒಂದು ಬರೆಯಿರಿ. ಕೊಡಪಾನ, ಹಿತ್ತಲು, ಅಂಬೋಡೆ, ಜೀರುಂಡೆ... ಹೀಗೆ. (ಇದನ್ನೇ ಇಟ್ಟುಕೊಳ್ಳಬೇಡಿ ಮತ್ತೆ!) ಸುಪ್ರಸಿದ್ಧವಾದ ವಚನದ ಸಾಲು ಬೇಡ, ಅದು ನಿಮಗೆ ಬಾಯಿಪಾಠವಿದ್ದಂತೆ ಇನ್ನೊಬ್ಬನಿಗೂ ಇರುತ್ತದೆ. ಬಾಡಿಗೆಯವರು ಹೋದಾಗ ಪದಗಳನ್ನು ಬದಲಿಸಿ. ಬಂದುಹೋಗುವವರಿಗೆ ಅತಿಥಿ ಜಾಲವೊಂದನ್ನು ಬೇರೆಯಾಗಿ ತೆರೆದಿಡಿ.

ಇಷ್ಟನ್ನು ಹೇಳಲು ನನಗೆ ಎರಡು ಪ್ಯಾರಾಗಳು ಬೇಕಾದವು. ಕನ್ನಡದಲ್ಲಿ ಇಷ್ಟನ್ನು ಅಚ್ಚು ಮಾಡಿಸಿ ಪೆಟ್ಟಿಗೆಯ ಜೊತೆ ಕೊಡಲು ಕೋಟಿಗಟ್ಟಲೆ ವ್ಯವಹಾರದ ಕಂಪನಿಗಳಿಗೆ ಏನು ದಾರಿದ್ರ್ಯ? ನಮ್ಮ ಬಡಾವಣೆಯಲ್ಲಿ ಈವರೆಗೆ ನಾನು ತೆರೆದು ನೋಡಿದ್ದು ಐದು ಪೆಟ್ಟಿಗೆಗಳ ಒಳಪುಟಗಳನ್ನು. ಐದರಲ್ಲೂ ಇಂಗ್ಲಿಷು, ಎರಡರಲ್ಲಿ ಚೀನೀ ಭಾಷೆಯ ಆಯ್ಕೆಯೂ ಇತ್ತು. ಕನ್ನಡ ಒಂದರಲ್ಲೂ ಇಲ್ಲ, ಹಿಂದಿಯೂ ಇಲ್ಲ. ಇದೇ ಮನೆಗಳ ಮೊಬೈಲುಗಳು ಕನ್ನಡದಲ್ಲಿ ಮಾತಾಡುತ್ತವೆ, ಆದ್ದರಿಂದ ಸಾಧ್ಯವಿಲ್ಲ ಎಂಬ ಮಾತು ನಡೆಯದು. ನಮ್ಮ ಪರಿಭಾಷಾ ಪಂಡಿತರಿಗೂ ಒಂದು ಮಾತು: 'ನಿಸ್ತಂತು ಪ್ರವೇಶ ಬಿಂದು' ಎಂದು ಆಕ್ಸೆಸ್ ಪಾಯಿಂಟಿಗೆ ನಾಮಕರಣ ಮಾಡಿ ಕೈತೊಳೆದುಕೊಂಡರೆ ಯಾರಿಗೂ ಪ್ರಯೋಜನವಿಲ್ಲ. ಹೆಸರು ರೂಟರ್ ಎಂದೇ ಇರಲಿ. ಈ ಗುಂಡಿಯನ್ನು ಒತ್ತಿದರೆ ಏನಾಗುತ್ತದೆ ಎಂಬ ಒಂದು ವಾಕ್ಯ ಕನ್ನಡದಲ್ಲಿ ಬೇಕು.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಎಲ್ಲರಿಗೂ ಒಂದೇ ಆದ ಮೂಲ ಪಾಸ್‌ವರ್ಡನ್ನಿಟ್ಟು ಇಂಥ ಗೃಹೋಪಯೋಗಿ ಸಾಧನಗಳನ್ನು ಮಾರುವುದು ಕಾನೂನುಬಾಹಿರ. ಒಂದೊಂದು ಪೆಟ್ಟಿಗೆಗೂ ಬೇರೆ ಬೇರೆ ಪಾಸ್‌ವರ್ಡಿರಬೇಕು, ಇಲ್ಲವೇ ಅದನ್ನು ಬಳಸುವವನೇ ಇಡುವಂತಿರಬೇಕು. ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ ಇಂಥದೇ ಕಾನೂನು 2020ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರವೂ 2021ರಲ್ಲಿ ಹೊರಡಿಸಿದ ಸಂಹಿತೆಯಲ್ಲಿ ಇದೇ ನಿಯಮವನ್ನು ಹೇಳಿತು. ಆದರೆ ಅದನ್ನು ಹೊರಡಿಸಿದ್ದು ಮಾರ್ಗದರ್ಶಿ ಸೂತ್ರವಾಗಿ. ಪಾಲಿಸದವನಿಗೆ ದಂಡ ವಿಧಿಸುವ ಕಾನೂನಾಗಿ ಅಲ್ಲ. ಬೆತ್ತವಿಲ್ಲದ ಮೇಷ್ಟ್ರನ್ನು ಹಿಂದಿನ ಬೆಂಚಿನವರು ಎಷ್ಟು ಲೆಕ್ಕಿಸುತ್ತಾರೆಂಬುದನ್ನು ನಾನು ಬಲ್ಲೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಸಂಪರ್ಕ ಕೊಟ್ಟು ಹೊರಡುವ ಹುಡುಗನು ಅಂಗೈಯಗಲದ ಒಂದು ಚೀಟಿಯನ್ನು ಮನೆಯವರ ಕೈಗಿಟ್ಟು ಸಹಿ ಪಡೆಯಬೇಕು: ಒಳಪುಟದ ವಿಳಾಸ, ಅದರ ಹೆಸರು-ಪಾಸ್‌ವರ್ಡು, ವೈ-ಫೈ ಹೆಸರು-ಪಾಸ್‌ವರ್ಡು, ಸಂಪರ್ಕ ತಪ್ಪಿದರೆ ಮರಳಿ ಜೋಡಿಸಲು ಬೇಕಾದ ವಿವರ. ಇದನ್ನೇ ಬರೆದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೂರನೆಯ ಪತ್ರ ಹಾಕಿದ್ದೇನೆ. ಬೀದಿಯ ಹದಿನೇಳು ಮನೆಗಳವರು ಅದಕ್ಕೆ ಸಹಿ ಮಾಡಿದ್ದಾರೆ, ಮೊದಲ ಸಹಿ ಆ ಅಂಚೆಯ ಹಿರಿಯರದು. ಉತ್ತರ ಬಂದಾಗ ಇಲ್ಲಿಯೇ ಪ್ರಕಟಿಸುತ್ತೇನೆ. ಅಲ್ಲಿಯವರೆಗೆ, ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಮ್ಮ ಬಡಾವಣೆಯ ಉದ್ಯಾನದ ವಾಚನಾಲಯದಲ್ಲಿ ನಾನಿರುತ್ತೇನೆ. ಬರುವವರು ತಮ್ಮ ಪೆಟ್ಟಿಗೆಯ ಬೆನ್ನಿನ ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬರಲಿ, ಒಂದು ಪೆನ್ನನ್ನೂ ತರಲಿ.